ಮಿರಜದ ಹಾದಿ, ಬೆಳಗಾವಿಯ ಹಾದಿ

ಸಂಗೀತಗಾರರಿಗೆ ಮಿರಜವೆಂದರೆ ತಂಬೂರಿ ನೆನಪಾಗುತ್ತದೆ. ಆದರೆ ಅಥಣಿ, ರಾಯಬಾಗ, ಕಾಗವಾಡದ ಕಡೆಯ ಮುದುಕಿಯರನ್ನು ಕೇಳಿ ನೋಡಬೇಕು. ಅವರಿಗೆ ಮಿರಜವೆಂದರೆ ದವಾಖಾನೆ. ಕಾಗವಾಡದಿಂದ ಮಿರಜಕ್ಕೆ ಎಂಟು-ಹತ್ತು ಮೈಲು. ಜಿಲ್ಲೆಯ ಮುಖ್ಯ ಪಟ್ಟಣವಾದ ಬೆಳಗಾವಿಗಾದರೋ ಎಂಬತ್ತರ ಹತ್ತಿರದ ಮಾತು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳಗಳ ನಿಲ್ದಾಣಗಳನ್ನು ಒಂದೊಂದಾಗಿ ಹಿಂದಿಕ್ಕಿ ಕೃಷ್ಣಾ ನದಿಯನ್ನು ದಾಟುವ ರೈಲುಗಾಡಿಯೂ ಮಿರಜಕ್ಕೇ ಹೋಗಿ ಸೇರುತ್ತದೆ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. ಹೀಗಾಗಿ ಬೆಳಗಾವಿ ಜಿಲ್ಲೆಯ ಈ ಉತ್ತರದ ಮಗ್ಗುಲಿನ ಜನ ಕಾಯಿಲೆ ಬಿದ್ದಾಗ ತಲೆಮಾರುಗಳಿಂದ ಮುಖ ಮಾಡಿದ್ದು ದಕ್ಷಿಣಕ್ಕಲ್ಲ, ಉತ್ತರಕ್ಕೆ.

ಇದಕ್ಕೆ ಮೊದಲ ಕಾರಣರಾದವರು ಕೆನಡಾದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ವೈದ್ಯರು. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ 1889ರಲ್ಲಿ ಈ ದೇಶಕ್ಕೆ ಬಂದ ಅವರು 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ತೆರೆದರು. 1897ರಲ್ಲಿ ಅದರ ಪಕ್ಕದಲ್ಲೇ ವೈದ್ಯವಿದ್ಯೆಯ ಶಾಲೆಯನ್ನೂ ಆರಂಭಿಸಿದರು. ಆ ಆಸ್ಪತ್ರೆಯ ಹೆಸರು ಬಹುದೂರ ಹಬ್ಬಿತು. ಕಣ್ಣಿನ ಪೊರೆ ಬಂದವರು, ಹೊಟ್ಟೆಯಲ್ಲಿ ಗಡ್ಡೆಯಾದವರು, ಹೆರಿಗೆ ಕಷ್ಟವಾದವರು ಎತ್ತಿನ ಗಾಡಿಯಲ್ಲಿ ರೈಲು ನಿಲ್ದಾಣದವರೆಗೆ ಬಂದು ಅಲ್ಲಿಂದ ಮಿರಜಕ್ಕೆ ಹೋಗುತ್ತಿದ್ದರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಚಿಕ್ಕೋಡಿ, ಅಥಣಿಗಳು ಮೈಸೂರು ರಾಜ್ಯಕ್ಕೆ ಸೇರಿದವು. ಮಿರಜ ಮುಂಬಯಿಯಲ್ಲೇ ಉಳಿದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. ರೋಗಿಗಳಿಗೆ ಈ ಗೆರೆ ಅಡ್ಡಬರಲಿಲ್ಲ. ಅಡ್ಡಬಂದದ್ದು ವಿದ್ಯಾರ್ಥಿಗಳಿಗೆ. 1962ರಲ್ಲಿ ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾದಾಗ ಅದು ಕಾಗವಾಡದ ಹುಡುಗನಿಗೆ ಮನೆಯಂಗಳದಷ್ಟು ಹತ್ತಿರವಾಗಿದ್ದರೂ ಬೇರೆ ರಾಜ್ಯದ ಕಾಲೇಜಾಗಿತ್ತು. ತನ್ನ ರಾಜ್ಯದಲ್ಲಿ ಹತ್ತಿರದ್ದೆಂದರೆ 1957ರಲ್ಲಿ ತೆರೆದಿದ್ದ ಹುಬ್ಬಳ್ಳಿಯ ಕಾಲೇಜು.

ಮರುವರ್ಷವೇ, ಎಂದರೆ 1963ರಲ್ಲಿ, ಬೆಳಗಾವಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಹುಟ್ಟಿತು. ಹುಟ್ಟಿಸಿದವರು ಸರ್ಕಾರದವರಲ್ಲ, ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ. ಜನರ ಬಾಯಲ್ಲಿ ಅದು ಕೆ.ಎಲ್.ಇ. 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಒಂದು ಪ್ರೌಢಶಾಲೆಯಿಂದ ಆರಂಭಿಸಿದ ಸಂಸ್ಥೆ ಅದು. ಆ ಏಳ್ವರನ್ನು ಸಪ್ತರ್ಷಿಗಳೆಂದೇ ಕರೆಯುವ ವಾಡಿಕೆಯುಂಟು. ವೈದ್ಯಕೀಯ ಕಾಲೇಜಿಗೆ ಮೊದಲಲ್ಲಿ ತನ್ನದೇ ಆದ ದೊಡ್ಡ ಆಸ್ಪತ್ರೆಯಿರಲಿಲ್ಲ. ವಿದ್ಯಾರ್ಥಿಗಳು ಜಿಲ್ಲಾಸ್ಪತ್ರೆಯ ವಾರ್ಡುಗಳಲ್ಲಿಯೇ ಪಾಠ ಕಲಿತರು. ಸ್ವಂತ ಆಸ್ಪತ್ರೆ ಎದ್ದದ್ದು ಮೂರು ದಶಕಗಳು ಕಳೆದ ಮೇಲೆ, 1996ರಲ್ಲಿ. ಅದಕ್ಕೆ ಹೆಸರಾದ ಪ್ರಭಾಕರ ಕೋರೆಯವರು ಚಿಕ್ಕೋಡಿ ತಾಲ್ಲೂಕಿನ ಅಂಕಲಿ ಗ್ರಾಮದವರು. 1984ರಿಂದ ದೀರ್ಘಕಾಲ ಸಂಸ್ಥೆಯ ಕಾರ್ಯಾಧ್ಯಕ್ಷರಾಗಿದ್ದವರು. ಉತ್ತರಕ್ಕೆ ಮುಖ ಮಾಡಿದ್ದ ಜನರನ್ನು ದಕ್ಷಿಣಕ್ಕೆ ತಿರುಗಿಸಿದ ಆಸ್ಪತ್ರೆಗೆ ಆ ಭಾಗದವರ ಹೆಸರೇ ಬಂದದ್ದು ಸ್ವಾರಸ್ಯದ ಸಂಗತಿ.

ಇದೇ ಕಾಲೇಜಿನ ಹಣೆಯ ಮೇಲೆ ಮೂರು ವಿಶ್ವವಿದ್ಯಾನಿಲಯಗಳ ಹೆಸರು ಒಂದರ ಹಿಂದೊಂದು ಬಂದಿವೆ. ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ. ಆಗ ವೈದ್ಯವಿದ್ಯೆಯ ಪದವಿಯನ್ನೂ ಕಲಾ ವಿಷಯಗಳ ಪದವಿಯನ್ನೂ ಕೊಡುತ್ತಿದ್ದುದು ಒಂದೇ ಕೈ. 1994ರ ಶಾಸನದ ಮೇರೆಗೆ 1996ರ ಜೂನ್ 1ರಂದು ಬೆಂಗಳೂರಿನಲ್ಲಿ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ರಾಜ್ಯದಲ್ಲಿ ಚದುರಿದ್ದ ವೈದ್ಯಕೀಯ, ದಂತವೈದ್ಯಕೀಯ, ಆಯುರ್ವೇದ, ಶುಶ್ರೂಷೆ, ಔಷಧ ವಿಜ್ಞಾನದ ಕಾಲೇಜುಗಳನ್ನೆಲ್ಲ ಒಂದೇ ಛತ್ರದಡಿ ತಂದು, ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆ ನಡೆಸಬೇಕೆಂಬುದು ಅದರ ಉದ್ದೇಶ. ಹತ್ತು ವರ್ಷಗಳ ತರುವಾಯ, 2006ರಲ್ಲಿ, ಕೆ.ಎಲ್.ಇ. ಸಂಸ್ಥೆಗೆ ಡೀಮ್ಡ್ ವಿಶ್ವವಿದ್ಯಾನಿಲಯದ ಮಾನ್ಯತೆ ದೊರೆತು ಬೆಳಗಾವಿಯ ಕಾಲೇಜು ತನ್ನ ಪರೀಕ್ಷೆಯನ್ನು ತಾನೇ ನಡೆಸಿಕೊಳ್ಳುವಂತಾಯಿತು. ಜಿಲ್ಲಾಸ್ಪತ್ರೆಯ ಆವರಣದಲ್ಲಿ ಅದೇ ದಶಕದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ತೆರೆಯಿತು. ಅದು ಬೆಂಗಳೂರಿನ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದು. ಒಂದೇ ಊರಿನಲ್ಲಿ ಎರಡು ಕಾಲೇಜು, ಎರಡು ವಿಶ್ವವಿದ್ಯಾನಿಲಯ. ಮಗನನ್ನೋ ಮಗಳನ್ನೋ ಓದಿಸಬೇಕೆಂದಿರುವ ತಂದೆ ತಾಯಿಗಳು ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. ಅದರ ಮಾತು ಮುಂದೆ ಬರುತ್ತದೆ.

ಆರೋಗ್ಯದ ವಿಶ್ವವಿದ್ಯಾನಿಲಯವೆಂದರೆ ಎಂ.ಬಿ.ಬಿ.ಎಸ್. ಎಂದೇ ಬಹುಮಂದಿ ಎಣಿಸುತ್ತಾರೆ. ವಸ್ತುಸ್ಥಿತಿ ಹಾಗಿಲ್ಲ. ಬೆಳಗಾವಿಯ ಬಳಗದಲ್ಲಿ ಎಲ್ಲಕ್ಕಿಂತ ಹಳೆಯದು ವೈದ್ಯಕೀಯ ಕಾಲೇಜಲ್ಲ, ಶಹಾಪುರದ ಆಯುರ್ವೇದ ಮಹಾವಿದ್ಯಾಲಯ. ಅದು ಆರಂಭವಾದದ್ದು 1933ರಲ್ಲಿ. 1968ರಲ್ಲಿ ಔಷಧ ವಿಜ್ಞಾನದ ಕಾಲೇಜು ಬಂತು, 1985ರಲ್ಲಿ ದಂತವೈದ್ಯಕೀಯ, ಮುಂದೆ ಫಿಜಿಯೋಥೆರಪಿ, ನರ್ಸಿಂಗ್, ಹೋಮಿಯೋಪಥಿಗಳು ಬಂದವು. ಎಂ.ಬಿ.ಬಿ.ಎಸ್.ಗೆ ನಾಲ್ಕೂವರೆ ವರ್ಷದ ಓದು, ಆ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ದುಡಿಮೆ. ಆಯುರ್ವೇದಕ್ಕೂ ಅಷ್ಟೇ ಕಾಲ. ಬಿ.ಎಸ್‌ಸಿ. ನರ್ಸಿಂಗ್ ಮತ್ತು ಬಿ.ಫಾರ್ಮ್ ತಲಾ ನಾಲ್ಕು ವರ್ಷ. ದಂತವೈದ್ಯರ ಓದನ್ನು ಹಲ್ಲು ಕೀಳುವ ವಿದ್ಯೆಯೆಂದು ತಾತ್ಸಾರ ಮಾಡುವವರುಂಟು. ಆದರೆ ಹೊಗೆಸೊಪ್ಪು ಜಗಿಯುವವನ ಕೆನ್ನೆಯೊಳಗಿನ ಬಿಳಿಯ ಮಚ್ಚೆಯನ್ನು ಕಂಡು, ಅದು ಹುಣ್ಣಾಗಿ ಅರ್ಬುದಕ್ಕೆ ತಿರುಗುವ ಮೊದಲೇ ಎಚ್ಚರಿಸಬೇಕಾದವನು ಆತನೇ. ನಿಪ್ಪಾಣಿಯ ಸುತ್ತಿನ ಹೊಲಗಳಲ್ಲಿ ಬೆಳೆಯುವುದು ತಂಬಾಕು. ಮನೆಮನೆಯಲ್ಲಿ ಹೆಂಗಸರು ಸುತ್ತುವುದು ಬೀಡಿ. ಎಷ್ಟೋ ಸಂಸಾರಗಳ ಒಲೆ ಉರಿಯುವುದು ಅದರಿಂದಲೇ. ಇಂಥ ಸೀಮೆಯಲ್ಲಿ ದಂತವೈದ್ಯನ ಕೆಲಸ ಹಗುರವೆಂದು ಯಾರು ಹೇಳಿಯಾರು?

ಇನ್ನು ಶುಶ್ರೂಷೆಯ ಮಾತು. ಇಲ್ಲಿ ತುಸು ನಿಲ್ಲಬೇಕಾಗಿದೆ.

ಹೆರಿಗೆಯಾದ ಕೂಡಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಬಿಗಿದುಕೊಳ್ಳಬೇಕು. ಬಿಗಿಯದಿದ್ದರೆ ರಕ್ತ ನಿಲ್ಲುವುದಿಲ್ಲ. ಮಗುವಿನ ಅಳು ಕೇಳಿ ಮನೆಯವರೆಲ್ಲ ಸಂತೋಷದಲ್ಲಿರುವಾಗಲೇ ತಾಯಿಯ ಪ್ರಾಣ ಜಾರಿಹೋಗುವುದುಂಟು. ಇದನ್ನು ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಬಹುಕಾಲದಿಂದ ಬಳಕೆಯಲ್ಲಿದೆ. ಆದರೆ ಅದನ್ನು ತಂಪಿನಲ್ಲಿ ಕಾಪಾಡಬೇಕು, ಸೂಜಿಯಿಂದ ಕೊಡಬೇಕು. ವಿದ್ಯುತ್ತು ಬಂದು ಹೋಗುವ ಹಳ್ಳಿಯಲ್ಲಿ, ನಡುರಾತ್ರಿ ಮನೆಯಲ್ಲೇ ಆಗುವ ಹೆರಿಗೆಯಲ್ಲಿ ಅದೆಲ್ಲಿಂದ ಬರಬೇಕು? ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ಇನ್ನೊಂದುಂಟು. ಅದು ಮೊದಲು ಹೊಟ್ಟೆಯ ಹುಣ್ಣಿಗೆಂದು ಬಂದದ್ದು. ಗರ್ಭಕೋಶವನ್ನು ಬಿಗಿಯುವ ಗುಣ ಅದಕ್ಕಿದೆ. ತಂಪಿನ ಪೆಟ್ಟಿಗೆ ಬೇಡ, ಸೂಜಿ ಬೇಡ, ನೀರಿನೊಡನೆ ನುಂಗಿದರಾಯಿತು. ಹಳ್ಳಿಯ ಹೆರಿಗೆಯಲ್ಲಿ ಇದು ನಿಜವಾಗಿಯೂ ತಾಯಿಯನ್ನು ಉಳಿಸೀತೆ ಎಂಬುದಷ್ಟೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ದೊರೆತದ್ದು ಲಂಡನ್ನಿನಲ್ಲಲ್ಲ, ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ. ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಡಾ. ಭಾಲಚಂದ್ರ ಕೊಡಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ತಜ್ಞರೊಡಗೂಡಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 2002ರ ಸೆಪ್ಟೆಂಬರಿನಿಂದ 2005ರ ಡಿಸೆಂಬರಿನವರೆಗೆ ಪರೀಕ್ಷೆ ನಡೆಸಿದರು. ಅದರಲ್ಲಿ ಸೇರಿದ ತಾಯಂದಿರು 1,620 ಮಂದಿ. ಅರ್ಧದಷ್ಟು ಮಂದಿಗೆ ನಿಜವಾದ ಗುಳಿಗೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದೆಂದು ಕೊಡುವವರಿಗೂ ತಿಳಿಯದು, ನುಂಗುವವರಿಗೂ ತಿಳಿಯದು. ಈ ಹೆರಿಗೆಗಳನ್ನೆಲ್ಲ ಮಾಡಿಸಿ, ಗುಳಿಗೆ ಕೊಟ್ಟು, ಲೆಕ್ಕವಿಟ್ಟವರು ಡಾಕ್ಟರರಲ್ಲ. 25 ಮಂದಿ ಸಹಾಯಕ ದಾದಿಯರು. ಹಳ್ಳಿಯವರು ನರ್ಸಬಾಯಿ ಎನ್ನುವರಲ್ಲ, ಅವರೇ.

ಲೆಕ್ಕವಿಡುವುದೆಂದರೆ ಸುಲಭವೆ? ಹಾಸಿದ ಬಟ್ಟೆಯನ್ನು ನೋಡಿ, ಇಷ್ಟು ರಕ್ತ ಹೋಗಿರಬೇಕು ಎಂದು ಅಂದಾಜು ಮಾಡುವುದು ಎಲ್ಲ ಕಡೆಯ ರೂಢಿ. ಆ ಅಂದಾಜು ಎಷ್ಟು ತಪ್ಪೆಂಬುದನ್ನೂ ಬೆಳಗಾವಿಯಲ್ಲೇ ಅಳೆದು ನೋಡಿದರು. ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಗೆರೆಗಳನ್ನು ಗುರುತು ಮಾಡಿದ ಚೀಲ. ರಕ್ತ ಇಳಿದು ಚೀಲದಲ್ಲಿ ನಿಂತರೆ ಹಾಲಿನ ಅಳತೆಯಂತೆ ಓದಿಕೊಳ್ಳಬಹುದು. ಹೀಗೆ ಅಳೆದುದಕ್ಕೆ ಹೋಲಿಸಿದಾಗ ಕಣ್ಣಂದಾಜು ನೂರಕ್ಕೆ 33ರಷ್ಟು ಕಡಿಮೆಯಾಗಿತ್ತು. ಅನುಭವಸ್ಥರ ಕಣ್ಣೂ ಮೂರನೆಯ ಒಂದು ಪಾಲನ್ನು ಕಾಣದೆ ಹೋಗುತ್ತಿತ್ತೆಂದಾಯಿತು.

ಫಲಿತಾಂಶ ಪ್ರಕಟವಾದದ್ದು 2006ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಡೀಮ್ಡ್ ವಿಶ್ವವಿದ್ಯಾನಿಲಯದ ಮಾನ್ಯತೆ ಬಂದ ವರ್ಷವೇ. ಮದ್ದಿಲ್ಲದ ಗುಳಿಗೆ ನುಂಗಿದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರಿಗೂ ಮೀರಿ ರಕ್ತಸ್ರಾವವಾಗಿತ್ತು. ನಿಜವಾದ ಗುಳಿಗೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಒಂದು ಲೀಟರಿಗೂ ಮೀರಿದ ಭೀಕರ ಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುವ ಲೆಕ್ಕ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಈ ಕೆಲಸಕ್ಕೆಂದು ಈ ಗುಳಿಗೆಗೆ ಸ್ಥಾನ ಕೊಟ್ಟಿತು. ಕಾಲ ಬದಲಾಗಿದೆ, ನಿಜ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿವೆ. ಆದರೆ ಆಸ್ಪತ್ರೆಯ ಹಾಸಿಗೆಯ ಬಳಿ ರಾತ್ರಿ ಮೂರು ಗಂಟೆಗೆ ಎಚ್ಚರವಾಗಿರುವವಳು ಇಂದಿಗೂ ಆ ನರ್ಸಬಾಯಿಯೇ.

ಸಹಾಯಕ ದಾದಿಯ ಹುದ್ದೆ ವಿಶ್ವವಿದ್ಯಾನಿಲಯದ ಪದವಿಯನ್ನು ಬೇಡುವುದಲ್ಲ. ಎರಡು ವರ್ಷದ ತರಬೇತಿ ಸಾಕು. ಅದರ ಮೇಲೆ ಮೂರು ವರ್ಷದ ಡಿಪ್ಲೊಮಾ, ಅದಕ್ಕೂ ಮೇಲೆ ನಾಲ್ಕು ವರ್ಷದ ಪದವಿ, ಮುಂದೆ ಸ್ನಾತಕೋತ್ತರ. ಮೆಟ್ಟಿಲು ಹೀಗೆ ಏರುತ್ತದೆ. ಮಗಳು ನರ್ಸಾಗುವುದೆಂದರೆ ಮೂಗು ಮುರಿಯುವ ಮನೆಗಳು ಈ ಐದು ತಾಲ್ಲೂಕುಗಳಲ್ಲೂ ಇವೆ, ಬೇರೆಡೆಯೂ ಇವೆ. ಅದೇ ಮನೆಯಲ್ಲಿ ಸೊಸೆಯ ಹೆರಿಗೆಯಾದಾಗ ಮೊದಲು ಹುಡುಕುವುದು ಯಾರನ್ನು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಬಾಗಿಲುಗಳ ವಿಷಯ. ಎಂ.ಬಿ.ಬಿ.ಎಸ್., ದಂತವೈದ್ಯ, ಆಯುರ್ವೇದ, ಹೋಮಿಯೋಪಥಿಗಳಿಗೆ ಈಗ ನೀಟ್ ಎಂಬ ಒಂದೇ ಪರೀಕ್ಷೆ. ಪರೀಕ್ಷೆ ಒಂದೇ ಆದರೂ ಪ್ರವೇಶದ ಬಾಗಿಲು ಒಂದೇ ಅಲ್ಲ. ಡೀಮ್ಡ್ ವಿಶ್ವವಿದ್ಯಾನಿಲಯದ ಎಂ.ಬಿ.ಬಿ.ಎಸ್. ಸ್ಥಾನಗಳನ್ನು ತುಂಬುವುದು ಅಖಿಲ ಭಾರತ ಮಟ್ಟದಲ್ಲಿ. ಅಲ್ಲಿ ಚಿಕ್ಕೋಡಿಯ ಹುಡುಗಿಗೂ ಚಂಡೀಗಢದ ಹುಡುಗಿಗೂ ಒಂದೇ ಸಾಲು. ಊರಿನವಳೆಂಬ ವಿನಾಯಿತಿಯಿಲ್ಲ, ಶುಲ್ಕವೂ ಸರ್ಕಾರಿ ಕಾಲೇಜಿನಂತಲ್ಲ. ಬೆಂಗಳೂರಿನ ಆರೋಗ್ಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳಲ್ಲಿ ರಾಜ್ಯದ ಪಾಲಿಗೆ ಬರುವ ಸ್ಥಾನಗಳ ಮಾತು ಬೇರೆ. ಅವುಗಳಲ್ಲಿ ನೂರಕ್ಕೆ 15 ಗ್ರಾಮೀಣ ಅಭ್ಯರ್ಥಿಗಳಿಗೆ, 5 ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು.

ಆದರೆ ಎರಡಕ್ಕೂ ಒಂದು ಕಟ್ಟಳೆಯುಂಟು. ಒಂದನೆಯ ತರಗತಿಯಿಂದ ಹತ್ತನೆಯದರವರೆಗೆ ಹತ್ತು ವರ್ಷವೂ ಹಳ್ಳಿಯ ಶಾಲೆಯಲ್ಲಿ, ಅಥವಾ ಕನ್ನಡ ಮಾಧ್ಯಮದಲ್ಲಿ, ಓದಿರಬೇಕು. ರಾಯಬಾಗ ತಾಲ್ಲೂಕಿನ ಹಳ್ಳಿಯ ಒಬ್ಬ ರೈತ, ಕಬ್ಬಿನ ಬಿಲ್ಲು ಬಂದ ವರ್ಷ, ಮಗನ ಭವಿಷ್ಯಕ್ಕೆಂದು ಎಂಟನೆಯ ತರಗತಿಗೆ ಅವನನ್ನು ಬೆಳಗಾವಿಯ ಇಂಗ್ಲಿಷ್ ಶಾಲೆಗೆ ಸೇರಿಸಿದನೆಂದುಕೊಳ್ಳಿ. ಅಂದೇ ಎರಡು ಬಾಗಿಲುಗಳೂ ಮುಚ್ಚಿದವು. ಅದು ಅವನಿಗೆ ತಿಳಿಯುವುದು ಐದು ವರ್ಷ ಕಳೆದು ಅರ್ಜಿ ತುಂಬುವಾಗ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪಟ್ಟಣಗಳಲ್ಲೇ ಓದಿದ ಮಕ್ಕಳು ಗ್ರಾಮೀಣರ ಲೆಕ್ಕಕ್ಕೆ ಬರುವುದಿಲ್ಲ. ಗಡಿಯ ಹಳ್ಳಿಗಳಲ್ಲಿ ಮರಾಠಿ ಶಾಲೆಗೆ ಹೋದ ಮಗು ಕನ್ನಡ ಮಾಧ್ಯಮದ ಲೆಕ್ಕಕ್ಕೆ ಬರುವುದಿಲ್ಲ. ವಿಚಿತ್ರವೆಂದರೆ, ಗೆರೆಯ ಆಚೆ ಮಹಾರಾಷ್ಟ್ರದ ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿರುವ ಕನ್ನಡ ಮಾತೃಭಾಷೆಯ ಮಕ್ಕಳಿಗೆ ಗಡಿನಾಡ ಕನ್ನಡಿಗರೆಂದು ಕರ್ನಾಟಕದ ಪ್ರವೇಶಕ್ಕೆ ಅರ್ಹತೆಯುಂಟು. ಈ ಕಾಗದಪತ್ರಗಳ ವಿಚಾರವನ್ನು ಹತ್ತನೆಯ ತರಗತಿ ಮುಗಿದ ಮೇಲಲ್ಲ, ಏಳನೆಯದು ಮುಗಿಯುವ ಮೊದಲೇ ಮನೆಯಲ್ಲಿ ಕುಳಿತು ಮಾತನಾಡಿಕೊಳ್ಳುವುದು ಲೇಸು.

ಹೊರಗಿನಿಂದ ಬಂದ ವಿದ್ಯಾರ್ಥಿಗಳ ಪಾಡು ಇನ್ನೊಂದು ಬಗೆಯದು. 2019ರ ಹೊಸ ಪಠ್ಯಕ್ರಮದಿಂದೀಚೆಗೆ ಎಂ.ಬಿ.ಬಿ.ಎಸ್. ಓದಿನ ಮೊದಲ ದಿನಗಳಲ್ಲೇ ಸ್ಥಳೀಯ ಭಾಷೆಯನ್ನೂ ಕಲಿಸುತ್ತಾರೆ. ಮುಂದೆ ಪ್ರತಿಯೊಬ್ಬರೂ ಹಳ್ಳಿಯ ಕೆಲವು ಕುಟುಂಬಗಳನ್ನು ವಹಿಸಿಕೊಂಡು ಅವರ ಆರೋಗ್ಯವನ್ನು ನೋಡಿಕೊಳ್ಳಬೇಕು. ಪುಸ್ತಕದಲ್ಲಿ 'ನಿಮಗೆ ಎಲ್ಲಿ ನೋವಾಗುತ್ತಿದೆ?' ಎಂದು ಕಲಿತು ಬಂದ ಹುಡುಗನಿಗೆ ಕಾಗವಾಡದ ಅಜ್ಜಿ ಉತ್ತರವನ್ನು ಕನ್ನಡದಲ್ಲಿ ಆರಂಭಿಸಿ ಮರಾಠಿಯಲ್ಲಿ ಮುಗಿಸುತ್ತಾಳೆ. ಆಗ ಅವನು ತಿರುಗಿ ನೋಡುವುದು ಪಕ್ಕದಲ್ಲಿ ನಿಂತ ನರ್ಸಬಾಯಿಯ ಮುಖವನ್ನು.