ಔಷಧದಂಗಡಿ ಮತ್ತು ಗ್ರಾಹಕರ ಸುರಕ್ಷತೆ

ತರಕಾರಿಯನ್ನು ಕೈಯಲ್ಲಿ ಹಿಡಿದು, ಬಟ್ಟೆಯನ್ನು ಬೆಳಕಿಗೆ ಒಡ್ಡಿ ನೋಡಿ ಕೊಳ್ಳಬಹುದು. ಆದರೆ ಮಾತ್ರೆಯ ಗುಣವನ್ನು ಬರಿಗಣ್ಣಿನಿಂದ ಅಳೆಯುವುದು ವೈದ್ಯರಿಗೂ ಸಾಧ್ಯವಿಲ್ಲ. ಆದುದರಿಂದಲೇ ಔಷಧ ಮಾರಾಟವನ್ನು ಇತರ ವ್ಯಾಪಾರಗಳಂತೆ ಬಿಡದೆ ಕಾನೂನಿನ ಕಟ್ಟುಪಾಡಿಗೆ ಒಳಪಡಿಸಲಾಗಿದೆ. ಕಳಪೆ ಹಾಗೂ ಕಲಬೆರಕೆ ಔಷಧಗಳ ಹಾವಳಿಯನ್ನು ಪರಿಶೀಲಿಸಲು 1930ರಲ್ಲಿ ಕರ್ನಲ್ ಆರ್. ಎನ್. ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಲಾಯಿತು. ಅದರ ಶಿಫಾರಸುಗಳ ಫಲವಾಗಿ 1940ರಲ್ಲಿ ಔಷಧಗಳ ಅಧಿನಿಯಮವು ಜಾರಿಗೆ ಬಂದಿತು. 1945ರ ನಿಯಮಗಳು ಹಾಗೂ 1948ರ ಫಾರ್ಮಸಿ ಅಧಿನಿಯಮ ಅದನ್ನು ಹಿಂಬಾಲಿಸಿದವು. ಮುಂಬಯಿಯಲ್ಲಾಗಲಿ ಚೆನ್ನೈಯಲ್ಲಾಗಲಿ ನಿಯಮ ಒಂದೇ. ಪರವಾನಗಿ ನೀಡುವ ಅಧಿಕಾರ ಮಾತ್ರ ಆಯಾ ರಾಜ್ಯದ ಔಷಧ ನಿಯಂತ್ರಣ ಇಲಾಖೆಯದು. ಮಹಾರಾಷ್ಟ್ರದಲ್ಲಿ ಆಹಾರ ಮತ್ತು ಔಷಧ ಆಡಳಿತವು ಈ ಕಾರ್ಯವನ್ನು ನಿರ್ವಹಿಸುತ್ತದೆ.

ಅಂಗಡಿಯಲ್ಲಿ ಇರಬೇಕಾದವರು

ಚಿಲ್ಲರೆ ಔಷಧದಂಗಡಿಗೆ ಕನಿಷ್ಠ 10 ಚದರ ಮೀಟರ್ ಸ್ಥಳವಿರಬೇಕು. ಪರವಾನಗಿಯನ್ನು ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ತೂಗುಹಾಕತಕ್ಕದ್ದು. ಇವೆರಡಕ್ಕಿಂತ ಮುಖ್ಯವಾದುದು ನೋಂದಾಯಿತ ಫಾರ್ಮಸಿಸ್ಟರ ಹಾಜರಿ. ವೈದ್ಯರ ಚೀಟಿಯ ಮೇಲಿನ ಔಷಧವನ್ನು ಅವರೇ ಕೊಡಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಕೊಡಬೇಕು. ಗೋಡೆಯ ಮೇಲೆ ಅವರ ಪ್ರಮಾಣಪತ್ರ ನೇತಾಡುತ್ತಿದ್ದು ವ್ಯಕ್ತಿ ಮಾತ್ರ ಕಾಣದ ಅಂಗಡಿಗಳು ಇಲ್ಲದಿಲ್ಲ. ಔಷಧವನ್ನು ಎಷ್ಟು ಹೊತ್ತಿಗೊಮ್ಮೆ, ಊಟಕ್ಕೆ ಮೊದಲೋ ನಂತರವೋ ಸೇವಿಸಬೇಕೆಂದು ಕೇಳಿದಾಗ ಉತ್ತರಿಸಬೇಕಾದವರು ಅವರೇ. 2015ರ ಫಾರ್ಮಸಿ ವೃತ್ತಿ ವಿನಿಯಮಗಳು ರೋಗಿಗೆ ಇಂತಹ ತಿಳಿವಳಿಕೆ ನೀಡುವುದನ್ನು ಅವರ ಕರ್ತವ್ಯವೆಂದೇ ಗಣಿಸಿವೆ.

'ಎಚ್' ಅನುಸೂಚಿಯ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಚೀಟಿಯಲ್ಲಿ ಬರೆದ ಔಷಧದ ಬದಲು, 'ಎರಡೂ ಒಂದೇ' ಎಂದು ಹೇಳಿ ಬೇರೊಂದನ್ನು ಕೊಡುವುದನ್ನೂ ನಿಯಮವು ತಡೆಯುತ್ತದೆ. 2014ರ ಮಾರ್ಚಿಯಿಂದ 'ಎಚ್‌1' ಎಂಬ ಇನ್ನೂ ಬಿಗಿಯಾದ ಅನುಸೂಚಿ ಜಾರಿಯಲ್ಲಿದೆ. ಕ್ಷಯರೋಗದ ಔಷಧಗಳು, ಪ್ರಬಲವಾದ ಹಲವು ಪ್ರತಿಜೈವಿಕಗಳು, ಅಲ್‌ಪ್ರಝೋಲಾಮ್‌ನಂತಹ ಚಟ ಹತ್ತಿಸಬಲ್ಲ ಮಾತ್ರೆಗಳು ಇದರಲ್ಲಿ ಸೇರಿವೆ. ಇವುಗಳನ್ನು ಮಾರುವಾಗ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಅದರ ಪ್ರಮಾಣವನ್ನು ಪ್ರತ್ಯೇಕ ಪುಸ್ತಕದಲ್ಲಿ ದಾಖಲಿಸಿ, ಆ ಪುಸ್ತಕವನ್ನು 3 ವರ್ಷ ಕಾಪಾಡಬೇಕು. ಪ್ರತಿಜೈವಿಕವನ್ನು ಅನಗತ್ಯವಾಗಿ ನುಂಗಿದಾಗ, ಅಥವಾ ಅರ್ಧಕ್ಕೆ ನಿಲ್ಲಿಸಿದಾಗ, ಔಷಧಕ್ಕೆ ಬಗ್ಗದ ರೋಗಾಣುಗಳು ಬೆಳೆಯಲು ಅವಕಾಶವಾಗುತ್ತದೆ. ಮುಂದೆ ನಿಜವಾದ ಸೋಂಕು ತಗುಲಿದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ಬಿಲ್ಲು ಏಕೆ ಬೇಕು?

ನಾಲ್ಕಾರು ರೂಪಾಯಿಯ ಮಾತ್ರೆಗೆ ಬಿಲ್ಲು ಕೇಳಲು ಅನೇಕರು ಸಂಕೋಚಪಡುತ್ತಾರೆ. ವಾಸ್ತವವಾಗಿ, ಔಷಧದ ಬಿಲ್ಲು ಕೇವಲ ಹಣದ ಲೆಕ್ಕವಲ್ಲ. ಒಂದೇ ಸಲಕ್ಕೆ ತಯಾರಾದ ಔಷಧದ ಸರಕಿಗೆ ಕಾರ್ಖಾನೆಯು ಒಂದು ಬ್ಯಾಚ್ ಸಂಖ್ಯೆಯನ್ನು ಕೊಡುತ್ತದೆ. ಔಷಧ ನಿರೀಕ್ಷಕರು ಅಂಗಡಿಗಳಿಂದ ತೆಗೆದ ಮಾದರಿಯು ಸರ್ಕಾರಿ ಪ್ರಯೋಗಾಲಯದಲ್ಲಿ ಕಳಪೆಯೆಂದು ಕಂಡುಬಂದರೆ, ದೋಷವು ಆ ಬ್ಯಾಚಿಗೆ ಸಂಬಂಧಿಸಿದ್ದು. ಅದನ್ನೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಗುತ್ತದೆ. ಕೇಂದ್ರ ಔಷಧ ಗುಣಮಟ್ಟ ನಿಯಂತ್ರಣ ಸಂಸ್ಥೆಯು ಪ್ರಕಟಿಸುವ ಮಾಸಿಕ ಎಚ್ಚರಿಕೆಯ ಪಟ್ಟಿಯಲ್ಲೂ ಬ್ಯಾಚ್ ಸಂಖ್ಯೆ ಇರುತ್ತದೆ. ಬಿಲ್ಲಿನಲ್ಲಿ ಆ ಸಂಖ್ಯೆಯಿಲ್ಲದಿದ್ದರೆ, ತನ್ನ ಮನೆಯಲ್ಲಿರುವ ಮಾತ್ರೆ ಆ ಪಟ್ಟಿಗೆ ಸೇರಿದ್ದೇ ಅಲ್ಲವೇ ಎಂದು ಗ್ರಾಹಕನು ತಿಳಿಯುವ ಬಗೆಯಿಲ್ಲ.

ಪಟ್ಟಿಯಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಸಿ ಕೊಂಡಾಗ ಈ ತೊಂದರೆ ಹೆಚ್ಚು. ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ಅಚ್ಚಾದ ತುದಿ ಅಂಗಡಿಯಲ್ಲೇ ಉಳಿಯಬಹುದು. ಅಂತಹ ಸಂದರ್ಭದಲ್ಲಿ ಪೂರ್ತಿ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಓದಿ, ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳುವುದು ಕ್ಷೇಮಕರ. ಅವಧಿ ಮೀರಿದ ಸರಕನ್ನು ಅಂಗಡಿಯವರು 'ಮಾರಾಟಕ್ಕಲ್ಲ' ಎಂಬ ಚೀಟಿಯೊಡನೆ ಬೇರೆಯಾಗಿಯೇ ಇರಿಸಬೇಕು. 2023ರ ಆಗಸ್ಟ್ 1ರಿಂದ 300 ಬ್ರಾಂಡುಗಳ ಹೊದಿಕೆಯ ಮೇಲೆ ಕ್ಯೂಆರ್ ಸಂಕೇತವನ್ನು ಕಡ್ಡಾಯಗೊಳಿಸಲಾಗಿದೆ. ಮೊಬೈಲಿನಿಂದ ನೋಡಿದರೆ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಂತಾದ ವಿವರಗಳು ದೊರೆಯುತ್ತವೆ.

ಶೀತಲ ಸಂಗ್ರಹದ ಮಾತು ಬೇರೆ. ಇನ್ಸುಲಿನ್ ಮತ್ತು ಹಲವು ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಶಾಖದಷ್ಟೇ ಹೆಪ್ಪುಗಟ್ಟುವಿಕೆಯೂ ಇನ್ಸುಲಿನ್ನಿಗೆ ಹಾನಿಕರ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ನನ್ನು ಬಳಸಬಾರದು. ಅದನ್ನು ಫ್ರಿಜ್ಜಿನಿಂದ ತೆಗೆಯದೆ ಕಪಾಟಿನಿಂದ ಕೊಡುವ ಅಂಗಡಿಯಿಂದ ಕೊಳ್ಳದಿರುವುದೇ ಲೇಸು. ಮನೆಗೆ ಒಯ್ಯುವಾಗಲೂ ಬಾಟಲಿಯು ಮಂಜುಗಡ್ಡೆಗೆ ನೇರವಾಗಿ ತಗುಲದಂತೆ ಬಟ್ಟೆಯಲ್ಲಿ ಸುತ್ತಬೇಕು.

ಕೊಂಡ ಔಷಧದ ಗುಣಮಟ್ಟದ ಬಗ್ಗೆ ಸಂಶಯ ಬಂದರೆ, ಅಧಿನಿಯಮದ 26ನೆಯ ಪ್ರಕರಣದ ಮೇರೆಗೆ ಯಾವುದೇ ವ್ಯಕ್ತಿ ಅಥವಾ ಮಾನ್ಯತೆ ಪಡೆದ ಗ್ರಾಹಕರ ಸಂಘವು ನಿಗದಿತ ಶುಲ್ಕ ತೆತ್ತು ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಉಳಿದ ಮಾತ್ರೆಗಳನ್ನು ಹೊದಿಕೆಯೊಡನೆ ಹಾಗೆಯೇ ತೆಗೆದಿರಿಸಿ, ಬಿಲ್ಲಿನ ನಕಲಿನೊಂದಿಗೆ ರಾಜ್ಯದ ಔಷಧ ನಿಯಂತ್ರಣ ಇಲಾಖೆಗೆ ಲಿಖಿತ ದೂರನ್ನೂ ಸಲ್ಲಿಸಬಹುದು.