ನಂಬಿಕೆಯೋ, ಸತ್ಕಾರ್ಯವೋ: ಮುಕ್ತಿಮಾರ್ಗದ ಮುಗಿಯದ ಜಿಜ್ಞಾಸೆ

1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಕ್ಯಾಥೊಲಿಕ್ ಚರ್ಚ್ ಮತ್ತು ಲೂಥರನ್ ವಿಶ್ವ ಒಕ್ಕೂಟದ ಪ್ರತಿನಿಧಿಗಳು 44 ಪರಿಚ್ಛೇದಗಳ ಜಂಟಿ ಘೋಷಣೆಯೊಂದಕ್ಕೆ ಸಹಿ ಹಾಕಿದರು. ಮನುಷ್ಯನಿಗೆ ಮುಕ್ತಿ ದೊರೆಯುವುದು ನಂಬಿಕೆಯಿಂದಲೋ, ಅವನು ಮಾಡಿದ ಸತ್ಕಾರ್ಯಗಳಿಂದಲೋ ಎಂಬ ಪ್ರಶ್ನೆಯ ಸುತ್ತ ಪಶ್ಚಿಮ ಯುರೋಪಿನ ಕ್ರೈಸ್ತ ಸಮಾಜ ಒಡೆಯತೊಡಗಿ ಅಂದಿಗೆ 482 ವರ್ಷಗಳು ಸಂದಿದ್ದವು.

ಈ ಪ್ರಶ್ನೆ ಕ್ರೈಸ್ತರಿಗೆ ಮಾತ್ರ ಸೀಮಿತವಾದುದಲ್ಲ. ಶ್ರೀವೈಷ್ಣವರಲ್ಲಿ, ಜಪಾನಿನ ಬೌದ್ಧರಲ್ಲಿ, ಆರಂಭಕಾಲದ ಮುಸ್ಲಿಮರಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಒಂದು ಧರ್ಮ ಮತ್ತೊಂದರೊಡನೆ ನಡೆಸಿದ ವಾದಕ್ಕಿಂತ, ಒಂದೇ ಧರ್ಮದ ಒಳಗೆ ನಡೆದ ವಾದ ಇದಾಗಿದೆ ಎಂಬುದು ಗಮನಾರ್ಹ. ಅದರ ಹಿಂದೆ ಎರಡು ಆತಂಕಗಳಿವೆ. ಸತ್ಕಾರ್ಯವೇ ಮುಕ್ತಿಯ ಬೆಲೆಯಾದರೆ ಅದನ್ನು ತೆರಲಾಗದ ಬಡವ, ಪತಿತ, ಅಶಕ್ತನ ಗತಿ ಏನು? ನಂಬಿಕೆಯೊಂದೇ ಸಾಕೆಂದಾದರೆ ದುಷ್ಕೃತ್ಯಕ್ಕೆ ಪರವಾನಗಿ ಕೊಟ್ಟಂತಾಗುವುದಿಲ್ಲವೇ?

ಹಣಕ್ಕೆ ಮಾರಾಟವಾದ ವಿನಾಯಿತಿ

16ನೇ ಶತಮಾನದ ಆರಂಭದಲ್ಲಿ ರೋಮಿನ ಸಂತ ಪೀಟರ್ ಮಹಾದೇವಾಲಯದ ಪುನರ್ನಿರ್ಮಾಣಕ್ಕೆ ಹಣ ಬೇಕಾಗಿತ್ತು. ಪಾಪಕ್ಕಾಗಿ ಅನುಭವಿಸಬೇಕಾದ ದಂಡನೆಯಿಂದ ವಿನಾಯಿತಿ ನೀಡುವ 'ಇಂಡಲ್ಜೆನ್ಸ್' ಪತ್ರಗಳನ್ನು ಜರ್ಮನಿಯಲ್ಲಿ ಹಣಕ್ಕೆ ನೀಡಲಾಯಿತು. ಆ ಹಣದ ಒಂದು ಪಾಲು ಮೈಂಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್ ಅವರು ಔಗ್ಸ್‌ಬರ್ಗ್‌ನ ಫುಗ್ಗರ್ ಲೇವಾದೇವಿ ಮನೆತನದಿಂದ ಪಡೆದಿದ್ದ ಸಾಲದ ತೀರುವಳಿಗೂ ಹೋಗುತ್ತಿತ್ತು.

ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಸನ್ಯಾಸಿಯೂ ಆಗಿದ್ದ ಮಾರ್ಟಿನ್ ಲೂಥರ್ ಇದನ್ನು ಪ್ರಶ್ನಿಸಿ 1517ರ ಅಕ್ಟೋಬರ್ 31ರಂದು 95 ವಾದಾಂಶಗಳನ್ನು ಪ್ರಕಟಿಸಿದರು. ದೇವರು ಮನುಷ್ಯನನ್ನು ನೀತಿವಂತನೆಂದು ಅಂಗೀಕರಿಸುವುದು ತನ್ನ ಕೃಪೆಯಿಂದ. ಆ ಕೃಪೆ ಮನುಷ್ಯನಿಗೆ ದಕ್ಕುವುದು ನಂಬಿಕೆಯೊಂದರಿಂದಲೇ ಎಂಬುದು ಅವರು ಮುಂದೆ ಪ್ರತಿಪಾದಿಸಿದ ಸಿದ್ಧಾಂತ. ಕೃಪೆ ಉಚಿತವಾದ ಮೇಲೆ ಅದನ್ನು ಮಾರುವವರಿಗೆ ಅಲ್ಲಿ ಸ್ಥಾನವಿರಲಿಲ್ಲ. 1521ರಲ್ಲಿ ಪೋಪ್ ಹತ್ತನೆಯ ಲಿಯೊ ಅವರು ಲೂಥರ್‌ಗೆ ಬಹಿಷ್ಕಾರ ವಿಧಿಸಿದರು.

ಬೈಬಲ್‌ನಲ್ಲಿಯೇ ಈ ವಾದಕ್ಕೆ ಎರಡೂ ಕಡೆಯ ಆಧಾರಗಳಿವೆ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಸಂತ ಪೌಲರು ಅಬ್ರಹಾಮನನ್ನು ಉದಾಹರಿಸಿ, ಅವನು ನೀತಿವಂತನೆನಿಸಿದ್ದು ನಂಬಿಕೆಯಿಂದ ಎನ್ನುತ್ತಾರೆ. ಯಾಕೋಬನ ಪತ್ರಿಕೆ ಅದೇ ಅಬ್ರಹಾಮನು ಮಗನಾದ ಇಸಾಕನನ್ನು ಬಲಿಪೀಠಕ್ಕೆ ತಂದ ಪ್ರಸಂಗವನ್ನು ಮುಂದಿಟ್ಟು, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ವಾದಿಸುತ್ತದೆ. ಒಬ್ಬನೇ ವ್ಯಕ್ತಿ ಎರಡೂ ಪಕ್ಷಕ್ಕೆ ಸಾಕ್ಷಿಯಾಗಿದ್ದಾನೆ.

ಇದಕ್ಕೆ ಕ್ಯಾಥೊಲಿಕ್ ಚರ್ಚ್ 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆಯ ಮೂಲಕ ಉತ್ತರ ನೀಡಿತು. ಜನಸಾಮಾನ್ಯರು ಭಾವಿಸುವಂತೆ 'ಪುಣ್ಯಕಾರ್ಯದಿಂದಲೇ ಮುಕ್ತಿ' ಎಂದು ಆ ಸಭೆ ಹೇಳಲಿಲ್ಲ. ದೇವರ ಕೃಪೆಯಿಲ್ಲದೆ ಸ್ವಂತ ಕಾರ್ಯದಿಂದ ಯಾರೂ ನೀತಿವಂತರಾಗಲಾರರು ಎಂಬುದನ್ನು ಅದೂ ಒಪ್ಪಿತು. ಆದರೆ ಆ ಕೃಪೆಯೊಡನೆ ಮನುಷ್ಯನು ಸಹಕರಿಸಬೇಕು, ಸತ್ಕಾರ್ಯಗಳಿಂದ ಅದು ವೃದ್ಧಿಸುತ್ತದೆ ಎಂದು ವಿಧಿಸಿತು.

ಮರಿಕೋತಿ ಮತ್ತು ಬೆಕ್ಕಿನ ಮರಿ

ಯುರೋಪಿನ ಈ ವಾದಕ್ಕೆ ಎರಡು ಶತಮಾನಗಳಿಗೂ ಮೊದಲೇ ದಕ್ಷಿಣ ಭಾರತದ ಶ್ರೀವೈಷ್ಣವ ಆಚಾರ್ಯರು ಇಂಥದೇ ಜಿಜ್ಞಾಸೆಯಲ್ಲಿ ತೊಡಗಿದ್ದರು. ಮೇಲುಕೋಟೆಯ ಮೂಲಕ ಕನ್ನಡಿಗರಿಗೆ ಪರಿಚಿತರಾದ ರಾಮಾನುಜಾಚಾರ್ಯರ ಪರಂಪರೆಯಲ್ಲಿ ಭಗವಂತನಿಗೆ ಸಂಪೂರ್ಣ ಶರಣಾಗುವ 'ಪ್ರಪತ್ತಿ' ಮೋಕ್ಷಮಾರ್ಗವೆನಿಸಿದೆ. ಶರಣಾಗತಿಯಲ್ಲಿ ಜೀವನ ಪಾತ್ರ ಎಷ್ಟು ಎಂಬುದರಲ್ಲಿ ಭಿನ್ನಾಭಿಪ್ರಾಯ ಮೂಡಿತು.

ವೇದಾಂತ ದೇಶಿಕರನ್ನು ಅನುಸರಿಸುವ ವಡಗಲೆ ಪಂಥದ ಪ್ರಕಾರ, ಕೃಪೆ ಭಗವಂತನದ್ದೇ ಆದರೂ ಅದಕ್ಕೊಂದು ನೆಪವಾಗಿಯಾದರೂ ಜೀವನ ಪ್ರಯತ್ನ ಬೇಕು. ತಾಯಿಯ ಹೊಟ್ಟೆಯನ್ನು ಮರಿಕೋತಿ ತಾನೇ ಬಿಗಿಯಾಗಿ ಹಿಡಿದುಕೊಳ್ಳುವಂತೆ. ಇದು ಮರ್ಕಟ ಕಿಶೋರ ನ್ಯಾಯ. ಪಿಳ್ಳೈ ಲೋಕಾಚಾರ್ಯರ ಬೋಧನೆಯನ್ನು ಅನುಸರಿಸುವ ತೆಂಗಲೆ ಪಂಥದ ಪ್ರಕಾರ, ಭಗವಂತನೇ ಉಪಾಯ. ಅವನ ಕೃಪೆಗೆ ಕಾರಣ ಬೇಕಿಲ್ಲ. ಬೆಕ್ಕು ತನ್ನ ಮರಿಯನ್ನು ತಾನೇ ಬಾಯಲ್ಲಿ ಕಚ್ಚಿ ಒಯ್ಯುವಂತೆ. ಇದು ಮಾರ್ಜಾಲ ಕಿಶೋರ ನ್ಯಾಯ.

ಹಿಡಿದುಕೊಳ್ಳಲು ಕೈಯಲ್ಲಿ ಬಲವಿಲ್ಲದ ಮರಿಯ ಗತಿ ಏನೆಂಬುದು ತೆಂಗಲೆಯವರ ಪ್ರಶ್ನೆ. ಕಾರಣವಿಲ್ಲದೆ ಕೃಪೆ ಮಾಡುವುದಾದರೆ ಭಗವಂತ ಒಬ್ಬನಿಗೆ ಒಲಿದು ಇನ್ನೊಬ್ಬನನ್ನು ಬಿಟ್ಟದ್ದೇಕೆ, ಅದು ಪಕ್ಷಪಾತವಾಗದೇ ಎಂಬುದು ವಡಗಲೆಯವರ ಪ್ರಶ್ನೆ. ಎರಡು ಪ್ರಶ್ನೆಗಳಿಗೂ ತೂಕವಿದೆ. ಶ್ರೀರಂಗದ ಮೇಲೆ ದೆಹಲಿ ಸುಲ್ತಾನರ ಸೇನೆ ದಾಳಿ ನಡೆಸಿದಾಗ ದೇಶಿಕರು ಇಂದಿನ ಚಾಮರಾಜನಗರ ಜಿಲ್ಲೆಯ ಸತ್ಯಾಗಾಲದಲ್ಲಿ ಆಶ್ರಯ ಪಡೆದಿದ್ದರೆಂದು ಸಂಪ್ರದಾಯ ಹೇಳುತ್ತದೆ.

ಜಪಾನಿನ ಪರಬಲ

ಬುದ್ಧನ ಬೋಧನೆಯಲ್ಲಿ ಸ್ವಪ್ರಯತ್ನಕ್ಕೆ ಅಗ್ರಸ್ಥಾನ. ಆದರೆ ಜಪಾನಿನಲ್ಲಿ ಶಿನ್‌ರಾನ್ (1173-1263) ಎಂಬ ಗುರು ಇದಕ್ಕಿಂತ ಭಿನ್ನವಾದ ಮಾರ್ಗವನ್ನು ಬೋಧಿಸಿದರು. ಧ್ಯಾನ, ವ್ರತ, ದಾನ ಇವೆಲ್ಲ 'ಜಿರಿಕಿ', ಅಂದರೆ ಸ್ವಬಲ. ಎಲ್ಲ ಜೀವಿಗಳನ್ನೂ ಉದ್ಧರಿಸುವುದಾಗಿ ಪಣತೊಟ್ಟ ಅಮಿದ ಬುದ್ಧನಲ್ಲಿ ನಂಬಿಕೆಯಿಡುವುದು 'ತರಿಕಿ', ಅಂದರೆ ಪರಬಲ. ತನ್ನ ಬಲವನ್ನು ನೆಚ್ಚದ ಪಾಪಿಯೇ ಈ ಪರಬಲಕ್ಕೆ ಹೆಚ್ಚು ಹತ್ತಿರದವನು ಎಂಬುದು ಶಿನ್‌ರಾನ್ ಬೋಧನೆಯ ತಿರುಳು.

ಇದರ ಸಾಮಾಜಿಕ ಅರ್ಥ ಸ್ಪಷ್ಟವಾಗಿತ್ತು. ಪ್ರಾಣಿಹಿಂಸೆ ಪಾಪವೆನ್ನುವ ಧರ್ಮದಲ್ಲಿ ಬೇಟೆಗಾರನೂ ಬೆಸ್ತನೂ ಹೊಟ್ಟೆಪಾಡಿಗಾಗಿಯೇ ನಿತ್ಯ ಪಾಪಿಗಳು. ದೇಗುಲ ಕಟ್ಟಿಸಲು, ಭಿಕ್ಷುಗಳಿಗೆ ದಾನ ನೀಡಲು ಅವರಲ್ಲಿ ಹಣವೂ ಇಲ್ಲ. ಅಂಥವರಿಗೂ ಮಾರ್ಗವಿದೆ ಎಂದ ಶಿನ್‌ರಾನ್ ಅವರನ್ನು 1207ರಲ್ಲಿ ರಾಜಧಾನಿಯಿಂದ ಗಡೀಪಾರು ಮಾಡಲಾಯಿತು. 16ನೇ ಶತಮಾನದಲ್ಲಿ ಜಪಾನಿಗೆ ಹೋದ ಜೆಸುಯಿಟ್ ಪಾದ್ರಿಗಳು ಈ ಬೋಧನೆಯಲ್ಲಿ ಲೂಥರ್ ಅವರ ವಾದದ ಹೋಲಿಕೆಯನ್ನು ಗುರುತಿಸಿದ್ದರು.

ಎರಡನೆಯ ಆತಂಕವೂ ನಿಜವಾಯಿತು. ಹೇಗೂ ಮುಕ್ತಿ ಖಚಿತವೆಂದು ಬಗೆದು ಬೇಕೆಂದೇ ತಪ್ಪು ಮಾಡತೊಡಗಿದ ಅನುಯಾಯಿಗಳನ್ನು ಶಿನ್‌ರಾನ್ ಪತ್ರಗಳ ಮೂಲಕ ಖಂಡಿಸಬೇಕಾಯಿತು. ಲೂಥರ್ ಅವರಿಗೂ ಇದೇ ಅನುಭವ. ಕ್ರೈಸ್ತರಿಗೆ ಧರ್ಮಶಾಸನದ ಬೋಧನೆಯೇ ಬೇಡವೆಂದ ತಮ್ಮದೇ ಶಿಷ್ಯ ಜೊಹಾನ್ ಅಗ್ರಿಕೋಲ ಅವರನ್ನು 1530ರ ದಶಕದಲ್ಲಿ ಅವರು ಎದುರಿಸಬೇಕಾಯಿತು.

ಪಾಪಿ ಮುಸ್ಲಿಮನೇ?

ಕುರ್‌ಆನ್ ನಂಬಿಕೆ ಮತ್ತು ಸತ್ಕರ್ಮವನ್ನು ಹಲವೆಡೆ ಜೊತೆಯಾಗಿಯೇ ಹೇಳುತ್ತದೆ. ಆದರೆ ನಂಬಿಕೆಯಿದ್ದೂ ಘೋರ ಪಾಪ ಮಾಡಿದವನು ಮುಸ್ಲಿಮನಾಗಿಯೇ ಉಳಿಯುತ್ತಾನೆಯೇ ಎಂಬ ಪ್ರಶ್ನೆ ಇಸ್ಲಾಂನ ಮೊದಲ ಶತಮಾನದಲ್ಲಿಯೇ ರಕ್ತಪಾತಕ್ಕೆ ಎಡೆಮಾಡಿತು. 657ರ ಸಿಫ್ಫೀನ್ ಯುದ್ಧದ ನಂತರ ಖಲೀಫ ಅಲಿ ಅವರಿಂದ ಬೇರ್ಪಟ್ಟ ಖವಾರಿಜ್ ಗುಂಪು, ಘೋರ ಪಾಪ ಮಾಡಿದವನು ಧರ್ಮದಿಂದಲೇ ಹೊರಗೆ ಎಂದು ಸಾರಿತು. 661ರಲ್ಲಿ ಅಲಿ ಅವರು ಅದೇ ಗುಂಪಿನವನೊಬ್ಬನ ಕತ್ತಿಗೆ ಬಲಿಯಾದರು.

ಇದಕ್ಕೆ ಪ್ರತಿಯಾಗಿ ಮುರ್ಜಿಆ ಪಂಥದವರು ಪಾಪಿಯ ತೀರ್ಪನ್ನು ದೇವರಿಗೆ ಬಿಡಬೇಕೆಂದರು. ಪಾಪಿಯು ವಿಶ್ವಾಸಿಯೂ ಅಲ್ಲ, ಅವಿಶ್ವಾಸಿಯೂ ಅಲ್ಲ, ನಡುವಿನ ಸ್ಥಿತಿಯಲ್ಲಿರುವವನು ಎಂದು ಮುಅತಜಿಲಾ ಪಂಥ ವಾದಿಸಿತು. ಸುನ್ನಿ ಸಂಪ್ರದಾಯ ಕೊನೆಗೆ ತಳೆದ ನಿಲುವಿನ ಪ್ರಕಾರ ಪಾಪಿಯೂ ಮುಸ್ಲಿಮನೇ. ದೇವರು ಶಿಕ್ಷಿಸಬಹುದು, ಕ್ಷಮಿಸಲೂಬಹುದು. ಮನುಷ್ಯರು ಪರಸ್ಪರರ ನಂಬಿಕೆಯನ್ನು ಅಳೆದು ದಂಡಿಸುವುದಕ್ಕೆ ಈ ನಿಲುವು ಕಡಿವಾಣ ಹಾಕಿತು.

ಕನ್ನಡ ನೆಲದ ಉತ್ತರಗಳು

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಬೇರೆ ಬೇರೆ ಉತ್ತರಗಳು ಅಕ್ಕಪಕ್ಕದಲ್ಲಿಯೇ ಬೆಳೆದಿವೆ. ಶ್ರವಣಬೆಳಗೊಳದ ಜೈನ ಪರಂಪರೆಯಲ್ಲಿ ಕೃಪೆ ಮಾಡಿ ಮುಕ್ತಿ ಕೊಡುವ ದೇವರಿಲ್ಲ. ಸಮ್ಯಕ್ ದರ್ಶನ, ಸಮ್ಯಕ್ ಜ್ಞಾನ, ಸಮ್ಯಕ್ ಚಾರಿತ್ರ ಮೂರೂ ಕೂಡಿಯೇ ಮೋಕ್ಷಮಾರ್ಗ. ಅಲ್ಲಿ ನಂಬಿಕೆ, ನಡತೆಗಳನ್ನು ಬೇರ್ಪಡಿಸುವಂತಿಲ್ಲ. 12ನೇ ಶತಮಾನದ ಶರಣರು ಕಾಯಕ, ದಾಸೋಹಗಳನ್ನು ಶಿವಭಕ್ತಿಯ ರೂಪವೆಂದೇ ಭಾವಿಸಿದರು. ಉಡುಪಿಯ ಮಧ್ವಾಚಾರ್ಯರ ಮತದಲ್ಲಿ ನಿಷ್ಕಾಮ ಕರ್ಮ ಅಂತಃಕರಣವನ್ನು ಶುದ್ಧಗೊಳಿಸುತ್ತದೆ, ಜ್ಞಾನಪೂರ್ವಕ ಭಕ್ತಿಗೆ ವಿಷ್ಣು ಪ್ರಸನ್ನನಾಗುತ್ತಾನೆ. ಆ ಪ್ರಸಾದದಿಂದಲೇ ಮೋಕ್ಷ. ಲೂಥರ್ ಸುಧಾರಣೆಯ ವಾರಸುದಾರರಾದ ಬಾಸೆಲ್ ಮಿಷನ್ ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದಾಗ ಅಲ್ಲಿ ಕ್ಯಾಥೊಲಿಕ್ ಸಮುದಾಯ ಆಗಲೇ ನೆಲೆಯೂರಿತ್ತು.

ಔಗ್ಸ್‌ಬರ್ಗ್‌ನಲ್ಲಿ ಆದದ್ದೇನು?

1999ರ ಘೋಷಣೆ ಎರಡು ಆತಂಕಗಳಿಗೂ ಉತ್ತರ ನೀಡಲು ಯತ್ನಿಸಿತು. ಮನುಷ್ಯನ ಅರ್ಹತೆಯನ್ನು ನೋಡದೆ ದೇವರು ಕೃಪೆಯಿಂದಲೇ ಅವನನ್ನು ಅಂಗೀಕರಿಸುತ್ತಾನೆ ಎಂಬುದನ್ನು ಉಭಯ ಪಕ್ಷಗಳೂ ಒಪ್ಪಿದವು. ಹಾಗೆ ಅಂಗೀಕೃತನಾದವನು ಸತ್ಕಾರ್ಯಗಳಲ್ಲಿ ತೊಡಗಬೇಕು, ಅವು ಆ ಕೃಪೆಯ ಫಲ ಎಂಬುದನ್ನೂ ಒಪ್ಪಿದವು. ಈ ಒಪ್ಪಂದದಲ್ಲಿ ವಿವರಿಸಿರುವ ಬೋಧನೆಗೆ 16ನೇ ಶತಮಾನದ ಪರಸ್ಪರ ಖಂಡನೆಗಳು ಅನ್ವಯಿಸುವುದಿಲ್ಲವೆಂದು ಘೋಷಿಸಲಾಯಿತು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಚರ್ಚ್‌ಗಳ ವಿಶ್ವ ಒಕ್ಕೂಟ ಈ ಘೋಷಣೆಗೆ ಸಮ್ಮತಿ ಸೂಚಿಸಿದವು. ಸತ್ಕಾರ್ಯಕ್ಕೆ 'ಪುಣ್ಯಫಲ' ಉಂಟೇ ಎಂಬಂಥ ವಿಷಯಗಳಲ್ಲಿ ಮಾತಿನ ವ್ಯತ್ಯಾಸಗಳು ಉಳಿದುಕೊಂಡಿವೆ.

ಈ ಎಲ್ಲ ವಾದಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಕೃಪೆಯ ಪಕ್ಷ ವಹಿಸಿದ ಲೂಥರ್, ಶಿನ್‌ರಾನ್ ಇಬ್ಬರೂ ಸತ್ಕಾರ್ಯವನ್ನು ಕೈಬಿಡಿ ಎಂದವರಲ್ಲ. ಪ್ರಯತ್ನದ ಪಕ್ಷ ವಹಿಸಿದ ಟ್ರೆಂಟ್ ಸಭೆ, ವೇದಾಂತ ದೇಶಿಕರು ಇಬ್ಬರೂ ಕೃಪೆ ಬೇಡ ಎಂದವರಲ್ಲ. ಕೊಡಲು ಏನೂ ಇಲ್ಲದವನು ದೇವರ ಬಾಗಿಲಿನಿಂದ ಬರಿಗೈಯಲ್ಲಿ ಹಿಂದಿರುಗಬಾರದೆಂಬ ಕಾಳಜಿ ಒಂದು ಕಡೆಯಾದರೆ, ದೇವರ ಹೆಸರು ಹೇಳಿ ನೆರೆಯವನಿಗೆ ಅನ್ಯಾಯ ಮಾಡಬಾರದೆಂಬ ಕಾಳಜಿ ಇನ್ನೊಂದು ಕಡೆ. ಯಾವ ಧರ್ಮದ ಅನುಯಾಯಿಯೂ ಈ ಎರಡರಲ್ಲಿ ಒಂದನ್ನು ಬಿಟ್ಟು ಮುಂದೆ ಸಾಗುವುದು ಸುಲಭವಲ್ಲ.