ಓಡಿ ಬರುವವರೂ ಕಾದು ನಿಂತವರೂ

ಬಸ್ಸು ತಪ್ಪಿಸಿಕೊಂಡವನ ದೃಷ್ಟಿಯಲ್ಲಿ ಡ್ರೈವರನಷ್ಟು ನಿರ್ದಯಿ ಲೋಕದಲ್ಲಿ ಮತ್ತೊಬ್ಬನಿಲ್ಲ. ಬಸ್ಸಿನೊಳಗೆ ಕುಳಿತು ಗಡಿಯಾರ ನೋಡಿಕೊಳ್ಳುತ್ತಿರುವವನ ದೃಷ್ಟಿಯಲ್ಲಿ, ಓಡಿ ಬರುವವನಿಗಾಗಿ ಬಸ್ಸು ನಿಲ್ಲಿಸಿಕೊಳ್ಳುವ ಡ್ರೈವರನಷ್ಟು ಹೊತ್ತುಗೊತ್ತಿಲ್ಲದ ಮನುಷ್ಯ ಇನ್ನೊಬ್ಬನಿಲ್ಲ. ಇಬ್ಬರೂ ಬೈಯುವುದು ಒಬ್ಬನನ್ನೇ. ಅದೂ ಒಂದೇ ನಿಮಿಷದ ವಿಷಯವಾಗಿ. ಆ ನಿಮಿಷವನ್ನು ಯಾರಿಗೆ ಕೊಡಬೇಕು, ಯಾರಿಂದ ತೆಗೆದುಕೊಳ್ಳಬೇಕು ಎಂಬುದನ್ನು ದಿನಕ್ಕೆ ಎಷ್ಟೋ ಸಲ ತೀರ್ಮಾನಿಸಬೇಕಾದವನು ಮಾತ್ರ ಎಲ್ಲರಿಗೂ ಬೆನ್ನು ಮಾಡಿ ಕುಳಿತಿರುತ್ತಾನೆ. ಪ್ರಯಾಣಿಕರಿಗೆ ಅವನ ಮುಖ ಕಾಣದು. ಅವನ ಮನಸ್ಸಿನಲ್ಲಿ ಏನಿದೆಯೆಂದು ವಿಚಾರಿಸುವವರೂ ವಿರಳ.

ಬೆಂಗಳೂರಿನ ನಗರ ಬಸ್ಸುಗಳನ್ನು ನಡೆಸುವವರಲ್ಲಿ ಉತ್ತರದ ಜಿಲ್ಲೆಗಳಿಂದ ಬಂದವರು ಬಹಳ ಮಂದಿ. ವಿಜಯಪುರ, ರಾಯಚೂರು, ಕಲಬುರಗಿ, ಯಾದಗಿರಿಗಳ ಮಾತು ಡಿಪೋಗಳ ಅಂಗಳದಲ್ಲಿ ಧಾರಾಳವಾಗಿ ಕಿವಿಗೆ ಬೀಳುತ್ತದೆ. ಅಂಥವರಲ್ಲಿ ಒಬ್ಬನನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಹೆಸರು ಬೇಡ. ಊರು ಮಾತ್ರ ಕೃಷ್ಣಾ ತೀರದ ನಾರಾಯಣಪುರವಾಗಿರಲಿ. ಅವನ ಪಾಲಿಗೆ ಬಂದ ದಾರಿ ಮೆಜೆಸ್ಟಿಕ್ಕಿನಿಂದ ಕೆಂಗೇರಿ ಉಪನಗರಕ್ಕೆ ಹೋಗುವ ಮೈಸೂರು ರಸ್ತೆಯಾಗಿರಲಿ. ಹುಟ್ಟಿದೂರಿನ ಹೊಲದಲ್ಲಿ ಅವನು ಕಲಿತ ಒಂದು ಲೆಕ್ಕ ಈ ದಾರಿಯಲ್ಲಿ ಅವನ ಉಪಯೋಗಕ್ಕೆ ಬರುತ್ತದೆ.

ನಾರಾಯಣಪುರ ಈಗ ಯಾದಗಿರಿ ಜಿಲ್ಲೆಯ ಹುಣಸಗಿ ತಾಲ್ಲೂಕಿಗೆ ಸೇರಿದೆ. ಹಿಂದೆ ಸುರಪುರ ತಾಲ್ಲೂಕಿನಲ್ಲಿತ್ತು. ಊರಿನ ಹೆಸರು ನಾಡಿಗೆ ಪರಿಚಿತವಾದದ್ದು ಅಣೆಕಟ್ಟಿನಿಂದ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ಆ ಯೋಜನೆಯ ಅಂಗವಾಗಿಯೇ ನಾರಾಯಣಪುರದ ಬಳಿ ಬಸವಸಾಗರ ಜಲಾಶಯ ನಿರ್ಮಾಣವಾಗಿ 1982ರಲ್ಲಿ ಪೂರ್ಣಗೊಂಡಿತು. ಅಣೆಕಟ್ಟಿನ ಉದ್ದ 10 ಕಿಲೋಮೀಟರಿಗೂ ಹೆಚ್ಚು, ಎತ್ತರ 29 ಮೀಟರು, ಗೇಟುಗಳು 30. ಸುಮಾರು 33 ಟಿ.ಎಂ.ಸಿ. ನೀರು ಅಲ್ಲಿ ನಿಲ್ಲಬಲ್ಲದು. ಎಡದಂಡೆಯ ಕಾಲುವೆ ಸುರಪುರ, ಶಹಾಪುರಗಳ ಕಡೆಗೆ ಹರಿದು, ಜೋಳ ಬೆಳೆಯುತ್ತಿದ್ದ ಒಣ ಭೂಮಿಯಲ್ಲಿ ಭತ್ತದ ಪೈರನ್ನು ನಿಲ್ಲಿಸಿತು.

ಆದರೆ ಕಾಲುವೆಯ ನೀರಿಗೆ ಒಂದು ಸ್ವಭಾವವುಂಟು. ಮೊದಲು ಸಿಕ್ಕವರು ಮೊದಲು ಕುಡಿಯುತ್ತಾರೆ. ಮೇಲ್ಭಾಗದ ರೈತ ತನ್ನ ಗದ್ದೆಗೆ ಸ್ವಲ್ಪ ಹೆಚ್ಚು ತಿರುಗಿಸಿಕೊಂಡರೆ ಅವನಿಗೆ ಅದು ದೊಡ್ಡ ತಪ್ಪಾಗಿ ತೋರುವುದಿಲ್ಲ. ಪೈರು ಬಾಡುತ್ತಿದೆ, ನೀರು ಕಣ್ಣೆದುರಿಗೇ ಹರಿಯುತ್ತಿದೆ. ಅವನ ಕೆಳಗಿನವನೂ ಹಾಗೆಯೇ ಮಾಡುತ್ತಾನೆ. ಹೀಗೆ ಸ್ವಲ್ಪ ಸ್ವಲ್ಪವೇ ಕಳೆದು, ಕಾಲುವೆಯ ಕೊನೆಯ ಭಾಗದ ರೈತನಿಗೆ ಉಳಿಯುವುದು ಒದ್ದೆ ಮಣ್ಣು ಮಾತ್ರ. ಇದಕ್ಕಾಗಿಯೇ ಸರದಿಯಂತೆ ನೀರು ಬಿಡುವ ವಾರಾಬಂದಿ ಪದ್ಧತಿ ಬಂದಿತು. ಆದರೂ ಕೊನೆಯ ಭಾಗದವರ ಕೂಗು ಇಂದಿಗೂ ನಿಂತಿಲ್ಲ.

ಆ ಸೀಮೆಗೆ ಬಸ್ಸು ಹೊಸದಲ್ಲ. ಸುರಪುರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ನಿಜಾಮರ ರೈಲ್ವೆಯ ಆಶ್ರಯದಲ್ಲಿಯೇ 1932ರಲ್ಲಿ 27 ಬಸ್ಸುಗಳು ಹಾಗೂ 166 ನೌಕರರೊಂದಿಗೆ ಸಂಸ್ಥಾನದ ರಸ್ತೆ ಸಾರಿಗೆ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ರಸ್ತೆ ಸಾರಿಗೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳಿಂದ ಮೊದಲಾಯಿತು. 1956ರಲ್ಲಿ ನಾಡು ಒಂದಾಯಿತು. 1961ರಲ್ಲಿ ಇಲಾಖೆ ಹೋಗಿ ನಿಗಮವಾಯಿತು. 1973ರಲ್ಲಿ ಮೈಸೂರಿನ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬೆಂಗಳೂರು ಮಹಾನಗರ ಸಾರಿಗೆ ಸಂಸ್ಥೆ ಬೇರೆಯಾಯಿತು. 2000ದಲ್ಲಿ ಈಶಾನ್ಯದ ಜಿಲ್ಲೆಗಳಿಗೆ ಪ್ರತ್ಯೇಕ ಸಂಸ್ಥೆ ಹುಟ್ಟಿ, 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಫಲಕಗಳು ಇಷ್ಟು ಬದಲಾದರೂ, ಓಡಿ ಬರುವವನನ್ನು ಕನ್ನಡಿಯಲ್ಲಿ ಕಂಡ ಡ್ರೈವರನ ಧರ್ಮಸಂಕಟ ಮಾತ್ರ ಬದಲಾಗಲಿಲ್ಲ.

ನಾರಾಯಣಪುರದಿಂದ ಕೊಡೇಕಲ್, ಹುಣಸಗಿಗಳ ಕಡೆಗೆ ಹೊರಡುವ ಬಸ್ಸಿನಲ್ಲಿ ಈ ಸಂಕಟಕ್ಕೆ ಪರಿಹಾರ ಸುಲಭ. ಅಲ್ಲಿ ಬಸ್ಸು ತಪ್ಪಿದರೆ ಹೋಗುವುದು ನಿಮಿಷವಲ್ಲ, ಹೊತ್ತು. ಸಂಜೆಯ ಕೊನೆಯ ಬಸ್ಸು ತಪ್ಪಿದರೆ ಒಂದು ರಾತ್ರಿ. ಆಸ್ಪತ್ರೆಗೆ ಹೊರಟ ಬಸುರಿ, ತಾಲ್ಲೂಕು ಕಚೇರಿಗೆ ಕಾಗದ ಹಿಡಿದು ಹೊರಟ ಮುದುಕ, ಪರೀಕ್ಷೆಗೆ ಹೊರಟ ಹುಡುಗಿ, ಇವರನ್ನು ಬಿಟ್ಟು ಹೋದರೆ ಮುಂದಿನ ಬಸ್ಸು ಬರುವ ಹೊತ್ತಿಗೆ ಅವರ ಕೆಲಸವೇ ಕೆಟ್ಟಿರುತ್ತದೆ. ಆದುದರಿಂದ ಹೊಲದ ಬದುವಿನ ಮೇಲಿಂದ “ಯಪ್ಪಾ, ಜರಾ ನಿಂದ್ರಪಾ!” ಎಂಬ ಕೂಗು ಕೇಳಿದರೆ ಅಲ್ಲಿಯ ಬಸ್ಸು ನಿಲ್ಲುತ್ತದೆ. ಒಳಗಿನವರೂ ಗೊಣಗುವುದಿಲ್ಲ. ಇಂದು ಅವಳಿಗಾಗಿ ನಿಂತದ್ದು ನಾಳೆ ತಮಗಾಗಿಯೂ ನಿಂತೀತೆಂದು ಅವರಿಗೆ ಗೊತ್ತು.

ಈ ಅಭ್ಯಾಸವನ್ನು ಮೈಗೂಡಿಸಿಕೊಂಡವನು ಬೆಂಗಳೂರಿಗೆ ಬಂದು ಕೆಂಗೇರಿಯ ಬಸ್ಸಿನ ಸ್ಟಿಯರಿಂಗ್ ಹಿಡಿದಾಗ ಮೊದಮೊದಲು ಪೇಚಿಗೆ ಸಿಕ್ಕುವುದು ಸಹಜ. ಮೆಜೆಸ್ಟಿಕ್ಕನ್ನು ಬಿಟ್ಟು ಸಿರ್ಸಿ ವೃತ್ತವನ್ನು ಹಾಯ್ದರೆ, ಮುಂದೆ ಗಾಳಿ ಆಂಜನೇಯನ ಗುಡಿ. ಹೊಸ ವಾಹನ ಕೊಂಡವರು ಪೂಜೆ ಮಾಡಿಸುವ ಜಾಗ ಅದು. ಡ್ರೈವರನ ಕೈಯೂ ತಾನಾಗಿ ಎದೆಯನ್ನು ಮುಟ್ಟೀತು. ಆಮೇಲೆ ನಾಯಂಡಹಳ್ಳಿಯ ಜನಜಂಗುಳಿ, ರಾಜರಾಜೇಶ್ವರಿ ನಗರದ ಕಮಾನು, ಜ್ಞಾನಭಾರತಿ, ಆರ್.ವಿ. ಕಾಲೇಜು, ಕೊನೆಗೆ ಕೆಂಗೇರಿ. ಮಗ್ಗುಲಲ್ಲಿಯೇ ವೃಷಭಾವತಿ. ಕೃಷ್ಣೆಯ ದಡದಲ್ಲಿ ಬೆಳೆದವನಿಗೆ, ನಗರದ ಕೊಳೆಯನ್ನೆಲ್ಲ ಹೊತ್ತು ಹರಿಯುವ ಇದನ್ನು ಹೊಳೆಯೆನ್ನಲು ಬಾಯಿ ಬರುವುದಕ್ಕೆ ಕೆಲವು ದಿನ ಬೇಕಾದೀತು.

ಇಲ್ಲಿ ಪ್ರತಿ ನಿಲ್ದಾಣದಲ್ಲಿಯೂ ಯಾರಾದರೊಬ್ಬರು ಓಡಿ ಬರುತ್ತಲೇ ಇರುತ್ತಾರೆ. ಒಬ್ಬರಿಗಾಗಿ ನಿಂತರೆ ಅವರ ಹಿಂದೆ ಮತ್ತೊಬ್ಬರು. ಅರವತ್ತು ಜನರಿರುವ ಬಸ್ಸು ಒಂದು ನಿಮಿಷ ನಿಂತಿತೆಂದರೆ, ಎಲ್ಲರ ನಿಮಿಷಗಳೂ ಕೂಡಿ ಒಂದು ಗಂಟೆಯಾಯಿತು. ಒಬ್ಬನ ಹತ್ತು ನಿಮಿಷವನ್ನು ಉಳಿಸಲು ಹೋಗಿ ಅರವತ್ತು ಜನರಿಂದ ಒಂದು ಗಂಟೆ ಕಸಿದುಕೊಂಡಂತೆ. ಲೆಕ್ಕವೇನೋ ಸರಿ, ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ.

ಬಹಳ ಹೊತ್ತು ಬಾರದ ಬಸ್ಸು ಒಮ್ಮೆಲೇ ಮೂರಾಗಿ ಬರುವುದೇಕೆಂದು ನಗರವಾಸಿಗಳು ಬೇಸರಪಡುವುದುಂಟು. ಡ್ರೈವರುಗಳು ಎಲ್ಲಿಯೋ ಕುಳಿತು ಚಹಾ ಕುಡಿದು ಒಟ್ಟಿಗೆ ಹೊರಟರೆಂಬುದು ಸಾಮಾನ್ಯ ಊಹೆ. ವಾಸ್ತವ ಬೇರೆ. 1964ರಲ್ಲಿಯೇ ನ್ಯೂಯೆಲ್ ಮತ್ತು ಪಾಟ್ಸ್ ಎಂಬ ವಿದ್ವಾಂಸರಿಬ್ಬರು ಇದರ ಗಣಿತವನ್ನು ಬಿಡಿಸಿ ತೋರಿಸಿದರು. ಹತ್ತು ನಿಮಿಷಕ್ಕೊಂದು ಬಸ್ಸು, ನಿಲ್ದಾಣಕ್ಕೆ ನಿಮಿಷಕ್ಕಿಬ್ಬರು ಪ್ರಯಾಣಿಕರು ಎಂದಿಟ್ಟುಕೊಂಡರೆ, ಸಕಾಲಕ್ಕೆ ಬಂದ ಬಸ್ಸಿಗೆ 20 ಜನ ಹತ್ತುತ್ತಾರೆ. ಎರಡು ನಿಮಿಷ ತಡವಾದರೆ 24 ಜನ. ಹೆಚ್ಚಿನ ನಾಲ್ವರು ಹತ್ತುವಷ್ಟರಲ್ಲಿ ಬಸ್ಸು ಇನ್ನಷ್ಟು ತಡ. ಮುಂದಿನ ನಿಲ್ದಾಣದಲ್ಲಿ ಇನ್ನಷ್ಟು ಜನ. ಹಿಂದಿನ ಬಸ್ಸಿಗಾದರೋ ಜನ ಕಡಿಮೆ. ಅದು ಬೇಗ ಬೇಗ ಸಾಗಿ ಮುಂದಿನದನ್ನು ಬಂದು ಸೇರುತ್ತದೆ. ಹೀಗೆ ಮೊದಲ ನಿಲ್ದಾಣದಲ್ಲಿ ಕರುಣೆಯಿಂದ ಕೊಟ್ಟ ಒಂದು ನಿಮಿಷ, ಕೆಂಗೇರಿ ಬರುವ ಹೊತ್ತಿಗೆ ಐದಾರು ನಿಮಿಷವಾಗಿ ಬೆಳೆದಿರಬಹುದು.

ನಾರಾಯಣಪುರದವನಿಗೆ ಇದನ್ನು ಗಣಿತದಿಂದ ವಿವರಿಸಬೇಕಾಗಿಲ್ಲ. ಇದು ಅವನ ಕಾಲುವೆಯ ಕಥೆಯೇ. ಸಿರ್ಸಿ ವೃತ್ತದಲ್ಲಿ ಓಡಿ ಬರುವವನು ಮೇಲ್ಭಾಗದ ರೈತ. ಕಣ್ಣಿಗೆ ಕಾಣುತ್ತಾನೆ, ಕೈ ಬೀಸುತ್ತಾನೆ, ಬೇಡಿಕೊಳ್ಳುತ್ತಾನೆ. ಆರ್.ವಿ. ಕಾಲೇಜಿನ ಬಳಿ ಬಿಸಿಲಿನಲ್ಲಿ ಕಾದು ನಿಂತವರು ಕಾಲುವೆಯ ಕೊನೆಯವರು. ಡ್ರೈವರನ ಕಣ್ಣಿಗೆ ಅವರು ಇನ್ನೂ ಬಿದ್ದೇ ಇಲ್ಲ. ಕಂಡವರ ಮೇಲೆ ಕರುಣೆ ತೋರುವುದು ಸುಲಭ. ಕಾಣದವರ ಪಾಲನ್ನು ಕಾಯುವುದು ಕಷ್ಟ. ಅದಕ್ಕೆ ಯಾರೂ ಕೃತಜ್ಞತೆಯನ್ನೂ ಹೇಳುವುದಿಲ್ಲ. ಸಕಾಲಕ್ಕೆ ಬಂದ ಬಸ್ಸಿಗಾಗಿ ಡ್ರೈವರನನ್ನು ಹೊಗಳಿದವರುಂಟೆ?

ನಿಲ್ದಾಣ ಬಿಟ್ಟು ನಡುದಾರಿಯಲ್ಲಿ ಕೈ ಅಡ್ಡ ಹಾಕುವವರ ವಿಚಾರ ಇನ್ನೂ ಕಠಿಣ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿರುವ ಬಸ್ಸು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ತುಂಬಿದ ಬಸ್ಸಿನ ಭಾರ ಸುಮಾರು 15 ಟನ್. ಹಿಂದೆ ಸ್ಕೂಟರುಗಳ ಸಾಲು, ಎಡಕ್ಕೆ ನುಸುಳುವ ಆಟೋ, ಒಳಗೆ ಕಂಬಿ ಹಿಡಿದು ನಿಂತ ವೃದ್ಧೆ. ಅವನು ತಟ್ಟನೆ ಬ್ರೇಕು ಹಾಕಿದರೆ ಹೊರಗಿನವನಿಗೆ ಉಪಕಾರವಾದೀತು. ಒಳಗಿನವಳ ಮಂಡಿ ಒಡೆದೀತು. “ಹೋಲ್ಡಾನ್” ಎಂದು ಕಂಡಕ್ಟರ್ ಕೂಗಿದ ಮಾತ್ರಕ್ಕೆ 15 ಟನ್ ಭಾರ ನಿಂತುಬಿಡುವುದಿಲ್ಲ.

ಈ ತೂಗಾಟದ ಕೆಲಸ ಮೈಯನ್ನೂ ಸವೆಸುತ್ತದೆ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಕುರಿತು ಜೆ. ಎನ್. ಮಾರಿಸ್ ಎಂಬ ವೈದ್ಯರು ತಮ್ಮ ಸಂಗಡಿಗರೊಂದಿಗೆ 1953ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾಗಿದೆ. ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತಿದ್ದ ಕಂಡಕ್ಟರುಗಳಿಗಿಂತ, ಕುಳಿತೇ ದುಡಿಯುತ್ತಿದ್ದ ಡ್ರೈವರುಗಳಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಕೈಕಾಲು ಬಂಧಿಯಾಗಿ, ಮನಸ್ಸು ಮಾತ್ರ ಓಡುತ್ತಿರುವ ಉದ್ಯೋಗವಿದು. ಓಡುವ ಮನಸ್ಸಿಗೆ ಬೈಗುಳವೂ ಸೇರಿದರೆ ರಾತ್ರಿ ನಿದ್ರೆ ಹತ್ತುವುದೂ ನಿಧಾನ.

ಹಾಗಾದರೆ ನಗರದ ಡ್ರೈವರನು ಯಾರಿಗೂ ನಿಲ್ಲಬಾರದೆ? ಹಾಗೂ ಹೇಳುವಂತಿಲ್ಲ. ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗೆ ಹೋಗುವ ಹೆಂಗಸು ಹತ್ತು ನಿಮಿಷ ತಡವಾಗಿ ಗೇಟು ಮುಟ್ಟಿದರೆ ಅವಳ ಕೂಲಿಗೆ ಕತ್ತರಿ ಬೀಳಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಹಣವಿಲ್ಲ. ನಡೆದು ಹೋಗುತ್ತಿದ್ದ ಎಷ್ಟೋ ಮಂದಿ ಬಸ್ಸು ಹತ್ತುವಂತಾದರು. ಹತ್ತುವವರು ಹೆಚ್ಚಿದಂತೆ ನಿಲ್ದಾಣದ ನಿಮಿಷವೂ ಉದ್ದವಾಯಿತು. ಬಸ್ಸು ತಡವಾಯಿತೆಂದು ಗೊಣಗುವವರು, ಆ ತಡದಲ್ಲಿ ಒಂದು ಸಂಸಾರದ ಉಳಿತಾಯ ಅಡಗಿದೆಯೆಂಬುದನ್ನು ನೆನೆಯುವುದು ಒಳ್ಳೆಯದು.

ರಾತ್ರಿಯ ಕೊನೆಯ ಬಸ್ಸಿನ ವಿಷಯವಂತೂ ಪ್ರತ್ಯೇಕವೇ. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿತು. ದಾರಿಯ ಎಷ್ಟೋ ಮಂದಿ ರೈಲಿಗೆ ಹೋದರು. ಆದರೆ ಹೋಟೆಲಿನಲ್ಲಿ ಪಾತ್ರೆ ತೊಳೆದು ಹೊರಟವನಿಗೂ ಆಸ್ಪತ್ರೆಯ ರಾತ್ರಿ ಪಾಳಿ ಬಿಟ್ಟವಳಿಗೂ ಬಡಾವಣೆಯ ಒಳಗಿನವರೆಗೆ ದಿಕ್ಕು ಬಸ್ಸೇ. ಹಗಲಿನಲ್ಲಿ ಹತ್ತು ನಿಮಿಷಕ್ಕೆ ಸಮನಾಗಿದ್ದ ಬಸ್ಸು, ಕೊನೆಯದಾದೊಡನೆ ನಾರಾಯಣಪುರದ ಬಸ್ಸಿನಂತೆ ಒಂದು ರಾತ್ರಿಯ ಬೆಲೆಯನ್ನು ಪಡೆಯುತ್ತದೆ. ಹಿಂದೆ ಬಸ್ಸಿಲ್ಲ, ಮುಂದೆ ಕಾಯುವವರೂ ವಿರಳ. ಆಗ ಕನ್ನಡಿಯಲ್ಲಿ ಓಡಿ ಬರುವ ಆಕೃತಿ ಕಂಡರೆ, ಕಾಲುವೆಯ ಲೆಕ್ಕ ಬಲ್ಲವನ ಕಾಲು ಬ್ರೇಕಿನ ಮೇಲೆ ಬೀಳುತ್ತದೆ. ಹಗಲಿನಲ್ಲಿ ನಿಲ್ಲದೆ ಹೋದವನೂ ಇರುಳಿನಲ್ಲಿ ನಿಂತವನೂ ಒಬ್ಬನೇ, ಎರಡೂ ನ್ಯಾಯವೇ. ನಿಮಿಷದ ಬೆಲೆ ಎಲ್ಲ ಹೊತ್ತಿನಲ್ಲಿಯೂ ಒಂದೇ ಅಲ್ಲವೆಂಬುದನ್ನು ಅರಿತಿರುವುದೇ ಅವನ ವಿವೇಕ.

ಈ ವಿವೇಕಕ್ಕೆ ಪ್ರಯಾಣಿಕರೂ ನೆರವಾಗಬಲ್ಲರು. ಇಳಿಯುವವರು ಒಂದು ನಿಲ್ದಾಣ ಮುಂಚೆಯೇ ಎದ್ದು ಬಾಗಿಲ ಕಡೆಗೆ ಬಂದರೆ ಕೆಲವು ಸೆಕೆಂಡು ಉಳಿಯಿತು. ಬಾಗಿಲಿನಲ್ಲಿ ನಿಂತವರು ಒಳಗೆ ಸರಿದರೆ ಇನ್ನು ಕೆಲವು. ಚಿಲ್ಲರೆಯನ್ನು ಕೈಯಲ್ಲಿಯೇ ಹಿಡಿದಿದ್ದರೆ, ಮುದುಕಿಯೊಬ್ಬಳ ಗಂಟನ್ನು ಎತ್ತಿ ಕೊಟ್ಟರೆ, ಇಳಿಯುವವರಿಗೆ ದಾರಿ ಬಿಟ್ಟು ಆಮೇಲೆ ಹತ್ತಿದರೆ ಮತ್ತಷ್ಟು. ಓಡಿ ಬರುವವನಿಗೆ ಕೊಡಬೇಕಾದ ನಿಮಿಷ ಡ್ರೈವರನ ಸ್ವಂತ ಜೇಬಿನಲ್ಲಿಲ್ಲ. ಅದು ಒಳಗಿನ ಅರವತ್ತು ಜನರ ಸ್ವತ್ತು. ಅವರು ಸೆಕೆಂಡು ಸೆಕೆಂಡಾಗಿ ಅದನ್ನು ಕೂಡಿಸಿ ಕೊಟ್ಟರೆ, ಕೆಂಗೇರಿಯಲ್ಲಿ ಕಾದು ನಿಂತವರ ಪಾಲಿಗೆ ಕೊರತೆ ಬಾರದಂತೆ, ಸಿರ್ಸಿ ವೃತ್ತದಲ್ಲಿ ಏದುಸಿರು ಬಿಡುತ್ತ ಓಡಿ ಬಂದವನಿಗೂ ಬಾಗಿಲು ತೆರೆದೀತು.